ಊರಿನವರು ತರುವ ಬಯಾಪ್ಸಿ ರಿಪೋರ್ಟನ್ನು ಓದಿ ಹೇಳುವುದು ಹೇಗೆ?

ಪ್ರಶ್ನೆ: ಆಳಂದದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಊರಿನ ಜನ ಬ್ಯಾಂಕಿನ ಕಾಗದ, ಕೋರ್ಟಿನ ನೋಟಿಸು, ದವಾಖಾನೆಯ ರಿಪೋರ್ಟು ಎಲ್ಲವನ್ನೂ ನನ್ನ ಬಳಿ ತರುತ್ತಾರೆ. ಉಳಿದದ್ದನ್ನು ಹೇಗೋ ಓದಿ ಹೇಳುತ್ತೇನೆ. ಆದರೆ ಗಡ್ಡೆ ತೆಗೆಸಿಕೊಂಡವರ ಪೆಥಾಲಜಿ ರಿಪೋರ್ಟು ಕೈಗೆ ಬಂದಾಗ ಅದರ ಪ್ರತಿಯೊಂದು ಅಕ್ಷರವನ್ನೂ ಓದಬಲ್ಲೆ, ಒಂದು ಸಾಲಿನ ಅರ್ಥವನ್ನೂ ಹೇಳಲಾರೆ.

ಕಳೆದ ತಿಂಗಳು ನಮ್ಮ ಓಣಿಯ ಒಬ್ಬ ಅಕ್ಕನವರಿಗೆ ಕಲಬುರಗಿಯಲ್ಲಿ ಎಡ ಸ್ತನದ ಗಡ್ಡೆಯ ಆಪರೇಷನ್ ಆಯಿತು. ಅವರಿಗೆ ನಲವತ್ತೆಂಟು ವರ್ಷ. ರಿಪೋರ್ಟು ಬಂದ ದಿನ ಅವರ ಯಜಮಾನರು ಶಾಲೆ ಬಿಡುವುದನ್ನೇ ಕಾದು ನಿಂತಿದ್ದು, ಮನೆಗೆ ಕರೆದುಕೊಂಡು ಹೋಗಿ ಕಾಗದವನ್ನು ನನ್ನ ಕೈಗಿಟ್ಟರು. ಅದರಲ್ಲಿ ‘ಗ್ರೇಡ್ 2’ ಎಂದಿತ್ತು. ನಾನು ಎರಡನೆಯ ಹಂತ ಎಂದೆ. ‘ಲಿಂಫ್ ನೋಡ್ಸ್ 0/14’ ಎಂದಿತ್ತು; ಹದಿನಾಲ್ಕಕ್ಕೆ ಸೊನ್ನೆ ಎಂದು ಓದಿದೆ, ಅವರಿಗೆ ಅದು ಪರೀಕ್ಷೆಯಲ್ಲಿ ನಪಾಸಾದಂತೆ ಕೇಳಿಸಿತು. ಕೊನೆಯಲ್ಲಿ ‘ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್’ ಎಂದಿತ್ತು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲಿಯೇ ಆದ ಮೇಲೆ ಈ ಭಾಗದಲ್ಲಿ ಪಾಸಿಟಿವ್ ಎಂಬ ಪದಕ್ಕೆ ಒಂದೇ ಅರ್ಥ ಉಳಿದಿದೆ. ಯಜಮಾನರು ಗೋಡೆಗೆ ಒರಗಿ ಕುಳಿತುಬಿಟ್ಟರು. ಅಕ್ಕನವರು ಅಡುಗೆಮನೆಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈಯಲ್ಲಿಯೇ ನಿಂತು ನನ್ನ ಮುಖವನ್ನು ನೋಡುತ್ತಿದ್ದರು.

ಹತ್ತು ದಿನಗಳ ನಂತರ ಸರ್ಜನ್ ಸಾಹೇಬರು ಅದೇ ರಿಪೋರ್ಟನ್ನು ನೋಡಿ, ಬಗಲಿಗೆ ಹರಡಿಲ್ಲ, ಗುಳಿಗೆ ನಾಟುವ ಜಾತಿಯದು, ಇದು ಒಳ್ಳೆಯ ಸುದ್ದಿ ಎಂದರಂತೆ. ಆ ಹತ್ತು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೆ ನಾನೇ ಕಾರಣಳಾದೆ. ಇನ್ನು ಮುಂದೆ ಯಾರ ರಿಪೋರ್ಟನ್ನೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಆದರೆ ಮೊನ್ನೆ ಇನ್ನೊಬ್ಬರು ಬಂದರು. ಬೇಡ ಎಂದರೆ ಅವರು ಮೊಬೈಲಿನಲ್ಲಿ ಹುಡುಕಿಕೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಬಲ್ಲವರು ದಯವಿಟ್ಟು ತಿಳಿಸಿ: ಇಂಥ ರಿಪೋರ್ಟನ್ನು ಓದುವ ಕ್ರಮ ಯಾವುದು? ನನ್ನಂಥವಳು ಎಷ್ಟು ಹೇಳಬಹುದು, ಎಲ್ಲಿ ಬಾಯಿ ಮುಚ್ಚಬೇಕು?

ಉತ್ತರ: ಸೂಕ್ಷ್ಮದರ್ಶಕ

ಮೇಡಂ, ನಾನು ಕಲಬುರಗಿಯಲ್ಲಿ ಪೆಥಾಲಜಿ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ ವೈದ್ಯ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಆ ಹತ್ತು ದಿನಗಳ ಹೊಣೆಯನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ನಾವು ಬರೆಯುವ ರಿಪೋರ್ಟು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆಯುವ ಪತ್ರ. ಅದನ್ನು ಒಯ್ಯುವವರು ರೋಗಿಯ ಮನೆಯವರೇ ಎಂಬುದು ಗೊತ್ತಿದ್ದೂ ಅವರಿಗಾಗಿ ನಾವು ಒಂದು ಸಾಲನ್ನೂ ಬರೆಯುವುದಿಲ್ಲ. ಇದು ನಮ್ಮ ಕಡೆಯ ಕೊರತೆ.

ನಿಮ್ಮ ಅಕ್ಕನವರ ರಿಪೋರ್ಟನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಮೊದಲು ರೋಗದ ಹೆಸರನ್ನಲ್ಲ, ರೋಗಿಯ ಹೆಸರನ್ನು ಓದಿ. ಹೆಸರು, ವಯಸ್ಸು, ಎಡವೋ ಬಲವೋ ಎಂಬುದು, ಲ್ಯಾಬಿನ ನಂಬರು, ಇಷ್ಟೂ ಸರಿಯಾಗಿವೆಯೇ ಎಂದು ಮನೆಯವರಿಂದಲೇ ಕೇಳಿ ತಿಳಿದುಕೊಳ್ಳಿ. ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿರುವುದು ನಮ್ಮ ಕಡೆ ಅಪರೂಪವಲ್ಲ. ಆಮೇಲೆ ಕಳಿಸಿದ ಮಾದರಿ ಯಾವುದು ಎಂದು ನೋಡಿ: ಸೂಜಿಯಿಂದ ಹೀರಿದ ಜೀವಕೋಶಗಳೇ, ಸಣ್ಣ ಚೂರೇ, ಪೂರ್ತಿ ತೆಗೆದ ಗಡ್ಡೆಯೇ? ಸೂಜಿ ಪರೀಕ್ಷೆಯಲ್ಲಿ, ಅಂದರೆ ಎಫ್‌ಎನ್‌ಎಸಿಯಲ್ಲಿ, ಬಿಡಿ ಕೋಶಗಳು ಮಾತ್ರ ಕಾಣುತ್ತವೆ. ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ, ಎಲ್ಲಿಗೆ ನುಗ್ಗಿವೆ ಎಂಬುದು ಕಾಣುವುದಿಲ್ಲ. ‘ಒಮ್ಮೆ ಟೆಸ್ಟ್ ಮಾಡಿ ಮತ್ತೆ ಬಯಾಪ್ಸಿ ಯಾಕೆ’ ಎಂದು ಕೇಳುವವರಿಗೆ ಉತ್ತರ ಇದೇ.

ಮುಂದಿನದು ಗ್ರಾಸ್ ಎಂಬ ಭಾಗ. ಬರಿಗಣ್ಣಿಗೆ ಕಂಡದ್ದನ್ನು ಅಳತೆ ಮಾಡಿ ಬರೆದ ವಿವರ ಅದು. ಇಲ್ಲಿ ಬಹಳ ಜನ ಎಡವುತ್ತಾರೆ. ಮೊದಲ ಸಾಲಿನಲ್ಲಿ 18 x 15 x 5 ಸೆಂ.ಮೀ. ಎಂದು ಬರೆದಿದ್ದರೆ ಅದು ತೆಗೆದ ಇಡೀ ಭಾಗದ ಅಳತೆ, ಗಡ್ಡೆಯದಲ್ಲ. ಗಡ್ಡೆಯ ಅಳತೆ ಒಂದೆರಡು ಸಾಲಿನ ಕೆಳಗೆ ಬರುತ್ತದೆ, 2.4 ಸೆಂ.ಮೀ. ಎಂದೋ ಏನೋ. ತೊಗರಿ ಹೊಲದ ಅಳತೆಯನ್ನು ಓದಿ ಅದನ್ನೇ ಹುಳು ಬಿದ್ದ ಜಾಗದ ಅಳತೆ ಎಂದುಕೊಂಡಂತೆ ಆಗುತ್ತದೆ.

ಮೈಕ್ರೊಸ್ಕೋಪಿ ಎಂಬ ಉದ್ದನೆಯ ಭಾಗವನ್ನು ಊರಿನವರಿಗೆ ಓದಿ ಹೇಳುವ ಅಗತ್ಯವಿಲ್ಲ. ಅದು ನಾವು ಕಂಡದ್ದರ ವರ್ಣನೆ. ತೀರ್ಮಾನವು ಇಂಪ್ರೆಶನ್ ಅಥವಾ ಡಯಾಗ್ನೊಸಿಸ್ ಎಂಬ ತಲೆಬರಹದ ಕೆಳಗಿರುತ್ತದೆ. ಅಲ್ಲಿ ‘ಇನ್ವೇಸಿವ್ ಕಾರ್ಸಿನೋಮಾ’ ಎಂದಿದ್ದರೆ ಕ್ಯಾನ್ಸರ್ ಇದೆ ಎಂದೇ ಅರ್ಥ. ಅದನ್ನು ಮುಚ್ಚಿಡಲು ಬರುವುದಿಲ್ಲ. ಆದರೆ ‘ಓಮಾ’ ಎಂದು ಮುಗಿದದ್ದೆಲ್ಲ ಕ್ಯಾನ್ಸರ್ ಅಲ್ಲ. ಲೈಪೋಮಾ ಕೊಬ್ಬಿನ ಗಂಟು, ಫೈಬ್ರೋಅಡಿನೋಮಾ ಹರೆಯದ ಹೆಣ್ಣುಮಕ್ಕಳ ಸ್ತನದಲ್ಲಿ ಹೆಚ್ಚಾಗಿ ಕಾಣುವ, ಬೆರಳಿಗೆ ಜಾರುವ ಗಂಟು, ಲಿಯೋಮಯೋಮಾ ಎಂದರೆ ಗರ್ಭಕೋಶದ ಫೈಬ್ರಾಯ್ಡ್. ಇವು ಮೂರೂ ಸೌಮ್ಯ ಗಡ್ಡೆಗಳು. ಅದೇ ಬಾಲವಿರುವ ಲಿಂಫೋಮಾ, ಮೆಲನೋಮಾ ಕ್ಯಾನ್ಸರುಗಳು. ಹಾಗಾಗಿ ಬಾಲವನ್ನು ನೋಡಿ ಊಹಿಸಬೇಡಿ. ಬಿನೈನ್ (ಸೌಮ್ಯ) ಎಂದಿದೆಯೋ ಮ್ಯಾಲಿಗ್ನೆಂಟ್ (ಕ್ಯಾನ್ಸರ್) ಎಂದಿದೆಯೋ ಹುಡುಕಿ, ಎರಡೂ ಇಲ್ಲದಿದ್ದರೆ ವೈದ್ಯರನ್ನೇ ಕೇಳಬೇಕೆಂದು ಹೇಳಿ.

ಗ್ರೇಡ್ ಎಂದರೆ ಹಂತವಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಎಂಬುದರ ಲೆಕ್ಕ ಅದು. ಸ್ತನದ ಕ್ಯಾನ್ಸರಿನಲ್ಲಿ ನಾವು ಮೂರು ಗುಣಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸುತ್ತೇವೆ: ಕೋಶಗಳು ಇನ್ನೂ ನಳಿಕೆಯಾಗಿ ಕೂಡಿಕೊಳ್ಳುತ್ತಿವೆಯೇ, ಅವುಗಳ ನ್ಯೂಕ್ಲಿಯಸ್ ಎಷ್ಟು ವಿಕಾರವಾಗಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ಮೊತ್ತ 3ರಿಂದ 5 ಆದರೆ ಗ್ರೇಡ್ 1, 6 ಅಥವಾ 7 ಆದರೆ ಗ್ರೇಡ್ 2, 8 ಅಥವಾ 9 ಆದರೆ ಗ್ರೇಡ್ 3. ಸ್ಟೇಜ್, ಅಂದರೆ ಹಂತ, ಎಂಬುದು ಬೇರೆ. ರೈತರಿಗೆ ನಾನು ಹೀಗೆ ಹೇಳುತ್ತೇನೆ: ಹೊಲಕ್ಕೆ ಬಿದ್ದ ಕರಿಕೆ ಎಷ್ಟು ಜೋರಿನ ಜಾತಿಯದು ಎಂಬುದು ಗ್ರೇಡ್, ಅದು ಬದು ದಾಟಿ ಪಕ್ಕದ ಹೊಲಕ್ಕೆ ಹೋಗಿದೆಯೇ ಎಂಬುದು ಸ್ಟೇಜ್. ಕಪ್ಪು ಮಣ್ಣಿನಲ್ಲಿ ಕರಿಕೆ ಕಿತ್ತವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ. ಪಿಟಿ2 ಎನ್0 ಎಂಬ ಬರಹದಲ್ಲಿ ‘ಪಿ’ ಎಂದರೆ ಪೆಥಾಲಜಿಯಿಂದ ಗೊತ್ತಾದದ್ದು, ‘ಟಿ2’ ಎಂದರೆ ಸ್ತನದ ಗಡ್ಡೆ ಎರಡು ಸೆಂ.ಮೀ.ಗಿಂತ ದೊಡ್ಡದು, ಐದನ್ನು ದಾಟಿಲ್ಲ, ‘ಎನ್0’ ಎಂದರೆ ಬಗಲಿನ ಗ್ರಂಥಿಗಳಲ್ಲಿ ಇಲ್ಲ. ಎಲುಬು, ಯಕೃತ್ತು, ಶ್ವಾಸಕೋಶಕ್ಕೆ ಹೋಗಿದೆಯೇ ಎಂಬುದು ನಮ್ಮ ಕಾಗದದಲ್ಲಿ ಇರುವುದಿಲ್ಲ, ಅದನ್ನು ಸ್ಕ್ಯಾನ್ ಹೇಳಬೇಕು. ಆದ್ದರಿಂದ ಈ ಒಂದು ಕಾಗದ ನೋಡಿ ‘ಇಷ್ಟನೇ ಸ್ಟೇಜ್’ ಎಂದು ಪೂರ್ತಿಯಾಗಿ ಹೇಳಲು ನಮಗೂ ಬರುವುದಿಲ್ಲ.

0/14 ಎಂಬುದು ಅಂಕವಲ್ಲ. ಬಗಲಿನಿಂದ ತೆಗೆದ ಕೊಬ್ಬಿನಲ್ಲಿ ಕೈಯಾಡಿಸಿ ನಾವು ಹದಿನಾಲ್ಕು ಗ್ರಂಥಿಗಳನ್ನು ಹುಡುಕಿ ತೆಗೆದೆವು, ಒಂದರಲ್ಲಿಯೂ ಕ್ಯಾನ್ಸರ್ ಸಿಗಲಿಲ್ಲ ಎಂದು ಅದರ ಅರ್ಥ. ಇಡೀ ರಿಪೋರ್ಟಿನಲ್ಲಿ ಸೊನ್ನೆಯನ್ನು ನೋಡಿ ನಾವು ನೆಮ್ಮದಿ ಪಡುವ ಜಾಗ ಇದು.

ಇನ್ನು ಪಾಸಿಟಿವ್. ಈ ಪದ ರಿಪೋರ್ಟಿನಲ್ಲಿ ಎಲ್ಲಿ ಬಂದಿದೆ ಎಂಬುದರ ಮೇಲೆ ಅರ್ಥ ತಲೆಕೆಳಗಾಗುತ್ತದೆ. ‘ಮಾರ್ಜಿನ್ ಪಾಸಿಟಿವ್’ ಎಂದರೆ ಚಿಂತೆಯ ವಿಷಯ. ತೆಗೆದ ತುಂಡಿನ ಹೊರಮೈಗೆ ನಾವು ಮಸಿ ಬಳಿದು ನಂತರ ಕತ್ತರಿಸುತ್ತೇವೆ. ಗಡ್ಡೆ ಆ ಮಸಿಯನ್ನು ಮುಟ್ಟಿದ್ದರೆ ಒಳಗೆ ಸ್ವಲ್ಪ ಉಳಿದಿರಬಹುದು ಎಂದು ತಿಳಿಯುತ್ತೇವೆ. ಆದರೆ ‘ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್’ ಎಂದರೆ ಆ ಕ್ಯಾನ್ಸರ್ ಕೋಶಗಳು ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಕೊಂಡಿಗಳನ್ನು ಹೊಂದಿವೆ ಎಂದರ್ಥ. ಆ ಕೊಂಡಿಯನ್ನು ಕಟ್ಟಿಹಾಕುವ ಟ್ಯಾಮಾಕ್ಸಿಫೆನ್, ಹಾರ್ಮೋನನ್ನೇ ತಗ್ಗಿಸುವ ಲೆಟ್ರೊಜೋಲ್‌ನಂಥ ಗುಳಿಗೆಗಳು ಅಂಥವರಿಗೆ ಉಪಯೋಗಕ್ಕೆ ಬರುತ್ತವೆ, ಅವನ್ನು ಸಾಮಾನ್ಯವಾಗಿ ಐದು ವರ್ಷವೋ ಅದಕ್ಕಿಂತ ಹೆಚ್ಚೋ ನುಂಗಬೇಕಾಗುತ್ತದೆ. ಹರ್2 ಎಂಬುದು ಕೋಶದ ಮೇಲಿನ ಒಂದು ಪ್ರೋಟೀನು; ಅದರ ಮುಂದೆ 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಇದ್ದರೆ ನಿರ್ಧಾರವಾಗಿಲ್ಲ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. ಆ 2+ ಅನ್ನು ನೋಡಿದರೆ ‘ಇದು ಅರ್ಧಕ್ಕೆ ನಿಂತ ಪರೀಕ್ಷೆ, ಮುಂದಿನದನ್ನು ಕೇಳಿ’ ಎಂದು ಖಂಡಿತವಾಗಿ ಹೇಳಿ. ಎಷ್ಟೋ ಜನ ಅದನ್ನು ಅಲ್ಲಿಗೇ ಬಿಟ್ಟು ಮನೆಗೆ ಹೋಗಿರುವುದನ್ನು ನೋಡಿದ್ದೇನೆ.

ಎಲ್ಲಿ ನಿಲ್ಲಿಸಬೇಕೆಂದು ಕೇಳಿದ್ದೀರಿ. ಎಷ್ಟು ವರ್ಷ ಬದುಕುತ್ತಾರೆ, ಕಿಮೋ ಬೇಕೇ ಬೇಡವೇ, ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಡಿ. ‘ಸಸ್ಪಿಷಸ್’, ‘ಸಜೆಸ್ಟಿವ್’ ಎಂಬ ಪದಗಳನ್ನು ಇದೆ ಎಂದೂ ಇಲ್ಲ ಎಂದೂ ಅನುವಾದ ಮಾಡಬೇಡಿ. ಅನುಮಾನವಿದೆ, ಪಕ್ಕಾ ಮಾಡಬೇಕು ಎಂದಷ್ಟೇ ಹೇಳಿ. ಉಳಿದದ್ದಕ್ಕೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮೂರು ನಾಲ್ಕು ಪ್ರಶ್ನೆ ಬರೆದು ಅವರ ಕೈಗೆ ಕೊಡಿ. ಸರ್ಜನ್ ಎದುರು ಕುಳಿತಾಗ ನಮ್ಮ ಜನಕ್ಕೆ ಮಾತು ಹೊರಡುವುದಿಲ್ಲ, ಹಾಳೆ ಇದ್ದರೆ ಅದನ್ನಾದರೂ ಮುಂದೆ ಚಾಚುತ್ತಾರೆ.

ಉತ್ತರ: ವಾರ್ಡಿನ ಸಿಸ್ಟರ್, ಕಲಬುರಗಿ

ಡಾಕ್ಟರು ಬಹಳ ಚೆನ್ನಾಗಿ ವಿವರಿಸಿದ್ದಾರೆ. ನನ್ನದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಸ್ತನದಷ್ಟೇ ಬಾಯಿಯ ರಿಪೋರ್ಟುಗಳೂ ಬರುತ್ತವೆ. ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರ ಕೆನ್ನೆಯ ಒಳಗೆ ಬಿಳಿ ಪದರ ಕಟ್ಟಿದಾಗ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ‘ಮಾಡರೇಟ್ ಡಿಸ್‌ಪ್ಲೇಸಿಯಾ, ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನೆನ್ಸಿ’ ಎಂದು ಬರೆದು ಬರುತ್ತದೆ. ಜೇವರ್ಗಿ ಕಡೆಯ ಒಬ್ಬ ಟಂಟಂ ಚಾಲಕರಿಗೆ ಹೀಗೆ ಬಂದಾಗ ಜೊತೆಯವರು ಎರಡನೆಯ ಅರ್ಧವನ್ನು ಮಾತ್ರ ಓದಿ ಹೇಳಿದರು. ಕ್ಯಾನ್ಸರ್ ಇಲ್ಲವಲ್ಲ ಎಂದು ಅವರು ದವಾಖಾನೆಯ ಗೇಟಿನ ಹೊರಗೇ ಪೊಟ್ಟಣ ಹರಿದರು. ಒಂದೂವರೆ ವರ್ಷದ ನಂತರ ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿಯಲ್ಲಿ ನಮ್ಮ ವಾರ್ಡಿಗೆ ಬಂದು ಸೇರಿದರು. ಡಿಸ್‌ಪ್ಲೇಸಿಯಾ ಎಂದರೆ ಕೋಶಗಳು ಕೆಡಲು ಶುರುವಾಗಿವೆ, ಇನ್ನೂ ತಳದ ಪೊರೆಯನ್ನು ದಾಟಿಲ್ಲ ಎಂದರ್ಥ. ಜಗಿಯುವುದನ್ನು ಅಂದೇ ಬಿಟ್ಟು, ಹೇಳಿದ ದಿನಕ್ಕೆ ಮತ್ತೆ ತೋರಿಸಬೇಕು. ತಂಬಾಕಿಲ್ಲದ ಬರೀ ಅಡಿಕೆಯಾದರೂ ಕ್ಯಾನ್ಸರ್‌ಕಾರಕವೇ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಹೇಳಿದೆ. ಇದನ್ನು ರಿಪೋರ್ಟು ಓದುವವರು ಹೇಳದೆ ಬಿಡಬಾರದು.

ಕ್ಯಾನ್ಸರ್ ಆಗಿ ಆಪರೇಷನ್ ಆದ ಬಾಯಿಯ ರಿಪೋರ್ಟಿನಲ್ಲಿ ‘ಡೆಪ್ತ್ ಆಫ್ ಇನ್ವೇಶನ್’ ಎಂದು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಹುಣ್ಣು ಎಷ್ಟು ಅಗಲ ಎಂಬುದಲ್ಲ, ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅದು. ಮೇಲೆ ಸಣ್ಣದಾಗಿ ಕಂಡರೂ ಆಳ 5 ಮಿ.ಮೀ. ದಾಟಿದರೆ ಹಂತ ಮೇಲೇರುತ್ತದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡುವ ಸಾಧ್ಯತೆಯೂ ಹೆಚ್ಚುತ್ತದೆ. ‘ಇಷ್ಟೇ ಇಷ್ಟು ಹುಣ್ಣಿಗೆ ಕುತ್ತಿಗೆಯನ್ನೂ ಏಕೆ ಕೊಯ್ದರು’ ಎಂದು ಸಿಟ್ಟಾಗುವವರಿಗೆ ಈ ಅಂಕೆಯನ್ನು ತೋರಿಸಿ ವಿವರಿಸಬೇಕಾಗುತ್ತದೆ.

ಇನ್ನೊಂದು, ಕುತ್ತಿಗೆಯ ಗಂಟು ಎಂದ ಕೂಡಲೇ ಕ್ಯಾನ್ಸರ್ ಎಂದು ಅಳುತ್ತಾ ಬರುವವರು ಬಹಳ. ಯಾದಗಿರಿ ಕಡೆಯ ಒಬ್ಬ ಕಾಲೇಜು ಹುಡುಗಿಯ ರಿಪೋರ್ಟಿನಲ್ಲಿ ‘ಗ್ರಾನ್ಯುಲೋಮ್ಯಾಟಸ್ ಲಿಂಫಡೆನೈಟಿಸ್ ವಿತ್ ಕೇಸಿಯಸ್ ನೆಕ್ರೋಸಿಸ್’ ಎಂದಿತ್ತು. ಈ ಹೆಸರು ಕೇಳಿದರೆ ಯಾರಿಗಾದರೂ ಎದೆ ಝಲ್ ಎನ್ನುತ್ತದೆ. ಅದು ಹೆಚ್ಚಾಗಿ ಟಿಬಿಯ ಗುರುತು. ಮತ್ತೊಂದು ಪರೀಕ್ಷೆ ಮಾಡಿ ಖಚಿತವಾದ ಮೇಲೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆಯಾಗಿ ಆರು ತಿಂಗಳ ಗುಳಿಗೆ ಕೊಟ್ಟರು, ಹುಡುಗಿ ಈಗ ಆರಾಮಾಗಿದ್ದಾಳೆ.

ಅಕ್ಕೋರೇ, ನಿಮಗೆ ಒಂದೇ ಒಂದು ಸಲಹೆ. ಕಾಗದವನ್ನು ಗಂಡನಿಗೆ, ಮಗನಿಗೆ, ಮೈದುನನಿಗೆ ಓದಿ ಹೇಳುವ ಮೊದಲು ಯಾರ ಮೈಯಿಂದ ಗಡ್ಡೆ ತೆಗೆದಿದ್ದಾರೋ ಅವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ‘ನಿಮಗೆ ಡಾಕ್ಟರು ಇಲ್ಲಿಯತನಕ ಏನು ಹೇಳ್ಯಾರ?’ ಎಂದು ಕೇಳಿ, ಅವರು ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟನ್ನು ಅವರಿಗೇ ಹೇಳಿ. ಬಾಗಿಲಲ್ಲಿ ನಿಂತು ಮುಖ ನೋಡಿ ಊಹಿಸಿಕೊಳ್ಳುವ ಸ್ಥಿತಿ ಯಾವ ಹೆಣ್ಣುಮಗಳಿಗೂ ಬರಬಾರದು.

ಉತ್ತರ: ಬೀದರಿನ ಓದುಗ

ರಿಪೋರ್ಟು ಅರ್ಥವಾಗುವುದು ಆಮೇಲಿನ ಮಾತು. ಸರಿಯಾದ ರಿಪೋರ್ಟು ಬರುವಂತೆ ನೋಡಿಕೊಳ್ಳುವುದು ಅದಕ್ಕೂ ಮೊದಲಿನ ಕೆಲಸ ಎಂದು ನನ್ನ ಅನುಭವದಿಂದ ಹೇಳುತ್ತೇನೆ. ನಮ್ಮ ತಂದೆಯವರ ತೊಡೆಯ ಗಂಟನ್ನು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ತೆಗೆದು, ಖಾಲಿ ಡಬ್ಬಿಯಲ್ಲಿ ಹಾಕಿ, ಲ್ಯಾಬಿಗೆ ಮುಟ್ಟಿಸಿ ಎಂದು ನಮ್ಮ ಕೈಗೇ ಕೊಟ್ಟರು. ಅಂದು ಶನಿವಾರ ಸಂಜೆ. ಒಣಗಬಾರದು ಎಂದು ನಾನೇ ಅದಕ್ಕೆ ನೀರು ಹಾಕಿ ಇಟ್ಟೆ. ಸೋಮವಾರ ಕೊಟ್ಟಾಗ ತುಂಡು ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ‘ಆಟೊಲೈಸ್ಡ್, ಅಭಿಪ್ರಾಯ ಹೇಳಲಾಗದು’ ಎಂದು ಒಂದೇ ಸಾಲಿನ ರಿಪೋರ್ಟು ಬಂತು, ಅಂದರೆ ತುಂಡು ಕೊಳೆತುಹೋಗಿತ್ತು. ಗಡ್ಡೆ ಹೋಯಿತಲ್ಲ ಎಂದು ನಾವೂ ಸುಮ್ಮನಾದೆವು. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಎದ್ದಿತು, ಹೈದರಾಬಾದಿಗೆ ಹೋದಾಗ ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲ ಸಲವೇ ಗೊತ್ತಾಗಿದ್ದರೆ ಎಂಬ ಮಾತು ಇಂದಿಗೂ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಆದ್ದರಿಂದ, ಮೈಯಿಂದ ತೆಗೆದ ಗಡ್ಡೆ ಕಡಲೆಕಾಳಿನಷ್ಟಿದ್ದರೂ ಪರೀಕ್ಷೆಗೆ ಕಳಿಸಿ ಎಂದು ಕೇಳಿ. ಅದನ್ನು ನೀರಿನಲ್ಲಿಯೂ ಸಲೈನಿನಲ್ಲಿಯೂ ಇಡಬಾರದು. ಅಗಲ ಬಾಯಿಯ ಡಬ್ಬಿಯಲ್ಲಿ, ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಎಂಬ, ಕೆಡದಂತೆ ಕಾಯುವ ದ್ರಾವಣದಲ್ಲಿ ಮುಳುಗಿಸಿ, ಡಬ್ಬಿಯ ಮುಚ್ಚಳದ ಮೇಲಲ್ಲ, ಮೈಮೇಲೆ ಹೆಸರು ಬರೆದಿರಬೇಕು, ಮುಚ್ಚಳಗಳು ಅದಲುಬದಲಾಗುತ್ತವೆ. ದೊಡ್ಡ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆಗೆ ಗಾಜಿನ ಸ್ಲೈಡುಗಳನ್ನೂ ತುಂಡನ್ನು ಕೂರಿಸಿದ ಮೇಣದ ಬ್ಲಾಕನ್ನೂ ಮೊದಲಿನ ಲ್ಯಾಬಿನಿಂದ ಅರ್ಜಿ ಕೊಟ್ಟು ಪಡೆದುಕೊಂಡು ಹೋಗಿ. ಅವಿಲ್ಲದೆ ಹೋದದ್ದಕ್ಕೆ ನನ್ನ ಸಂಬಂಧಿಕರೊಬ್ಬರು ಹೈದರಾಬಾದಿನಿಂದ ಬರಿಗೈಯಲ್ಲಿ ಮರಳಿ ಬಂದು ಮತ್ತೆ ಹೋಗಬೇಕಾಯಿತು. ಬ್ಲಾಕು ಮೇಣದ್ದಾದ್ದರಿಂದ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಮರುಪ್ರಶ್ನೆ: ಆಳಂದದ ಶಿಕ್ಷಕಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಅಕ್ಕನವರ ಮನೆಗೆ ಹೋಗಿ, ಈ ಸಲ ಅವರನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ಸಾಲು ಸಾಲಾಗಿ ಹೇಳಿದೆ. ಕರಿಕೆಯ ಮಾತು ಬಂದಾಗ ಅವರೇ ‘ಬದು ದಾಟಿಲ್ಲ ಅಂದಂಗಾತು’ ಎಂದರು. ಸೊನ್ನೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತಾಗಲಿಲ್ಲ: ‘ಅಕ್ಕೋರೆ, ನನ್ನ ಮೈಯಾಗಿಂದು ತಗದದ್ದು ಈಗ ಎಲ್ಲದ?’ ಸಾಹೇಬರು ಹೇಳಬಹುದೇ?

ಉತ್ತರ: ಸೂಕ್ಷ್ಮದರ್ಶಕ

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ನೇರವಾಗಿ ಯಾರೂ ಕೇಳಿರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಅವರಿಗೆ ಹೀಗೆ ಹೇಳಿ. ಗಡ್ಡೆಯಿಂದ, ಗ್ರಂಥಿಗಳಿಂದ, ಅಂಚುಗಳಿಂದ ಬೇಕಾದಷ್ಟು ತುಂಡುಗಳನ್ನು ಆರಿಸಿ, ಅವುಗಳಲ್ಲಿನ ನೀರಿನಂಶ ತೆಗೆದು, ಕರಗಿಸಿದ ಮೇಣದಲ್ಲಿ ಕೂರಿಸಿ ಬ್ಲಾಕು ಮಾಡುತ್ತೇವೆ. ಅದರಿಂದ ಮೂರು ನಾಲ್ಕು ಮೈಕ್ರಾನ್ ತೆಳುವಾಗಿ ಹೆರೆದ ಪದರವನ್ನು ಗಾಜಿನ ಮೇಲೆ ಹರಡಿ, ನೇರಳೆ ಮತ್ತು ಗುಲಾಬಿ ಬಣ್ಣ ಕೊಟ್ಟು ನೋಡುತ್ತೇವೆ. ಅಂಥ ಹತ್ತು ಪದರ ಒಂದರ ಮೇಲೊಂದು ಇಟ್ಟರೂ ಒಂದು ತಲೆಗೂದಲಿನ ದಪ್ಪಕ್ಕೆ ಬರುವುದಿಲ್ಲ. ಇಷ್ಟೆಲ್ಲ ಆಗಬೇಕಾದ್ದರಿಂದಲೇ ರಿಪೋರ್ಟಿಗೆ ದಿನಗಳು ಹಿಡಿಯುತ್ತವೆ, ಇಆರ್, ಹರ್2 ಪರೀಕ್ಷೆಗೆ ಇನ್ನೂ ಕೆಲವು ದಿನ. ಉಳಿದ ಭಾಗವನ್ನು ರಿಪೋರ್ಟು ಹೋದ ಮೇಲೂ ಕೆಲವು ವಾರ ಫಾರ್ಮಲಿನ್‌ನಲ್ಲಿ ಇಟ್ಟುಕೊಂಡಿದ್ದು, ಆಮೇಲೆ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಳದಿ ಚೀಲದಲ್ಲಿ ಹಾಕಿ ಸುಡಲು ಕಳಿಸುತ್ತೇವೆ, ಕಂಡಕಂಡಲ್ಲಿ ಎಸೆಯುವುದಿಲ್ಲ.

ಮೇಣದ ಬ್ಲಾಕುಗಳು ಮಾತ್ರ ಉಳಿಯುತ್ತವೆ. ಲ್ಯಾಬಿನ ಕಬ್ಬಿಣದ ಕಪಾಟಿನಲ್ಲಿ, ವರ್ಷಗಳ ಕಾಲ, ಸಾಲಾಗಿ. ಪ್ರತಿಯೊಂದರ ಮೇಲೂ ಒಂದು ನಂಬರು ಇರುತ್ತದೆ, ಅದು ಅವರ ರಿಪೋರ್ಟಿನ ಮೇಲ್ಭಾಗದಲ್ಲಿರುವ ನಂಬರೇ. ಮುಂದೆ ಹೊಸ ಪರೀಕ್ಷೆ ಬೇಕಾದರೆ, ಬೇರೆ ಡಾಕ್ಟರು ಇನ್ನೊಮ್ಮೆ ನೋಡಬೇಕೆಂದರೆ, ಅವರ ಮೈಗೆ ಮತ್ತೆ ಸೂಜಿ ಹಾಕದೆ ಆ ಬ್ಲಾಕಿನಿಂದಲೇ ಹೊಸ ಪದರ ತೆಗೆಯಬಹುದು. ರಿಪೋರ್ಟಿನ ಕಾಗದ ಹರಿಯುತ್ತದೆ, ಜೆರಾಕ್ಸ್ ಮಾಸುತ್ತದೆ. ಆ ನಂಬರನ್ನು ಅವರ ರೇಷನ್ ಕಾರ್ಡು ಇಡುವ ಡಬ್ಬಿಯಲ್ಲಿ ಬೇರೆ ಹಾಳೆಯ ಮೇಲೆ ಬರೆದಿಡಲು ಹೇಳಿ, ಜೊತೆಗೆ ತಾರೀಖು ಮತ್ತು ಲ್ಯಾಬಿನ ಹೆಸರು.